ಹೆಬ್ಬೂರಿನಲ್ಲಿ ಇಳಿದುಬಿಡುತ್ತಿದ್ದ ಬಳೆ ಸಾಹೇಬರು

ಅವರ ಬಲಗೈ ಹೆಬ್ಬೆರಳಿನ ತುಂಬ ಕೂದಲೆಳೆಯಂಥ ಬಿಳಿ ಗೆರೆಗಳಿದ್ದವು. ತೊಡಿಸುವಾಗ ಒಡೆದ ಗಾಜಿನ ಬಳೆಗಳು ವರ್ಷಗಟ್ಟಲೆ ಗೀರಿದ ಗುರುತುಗಳು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿದ್ದವು. ಬಲಗೈ ಎಂದು ಬರೆದಿದ್ದೇನೆ, ಎಡಗೈ ಇದ್ದರೂ ಇರಬಹುದು. ಅವರು ಸದಾ ನನ್ನೆದುರಿಗೇ ಕೂತಿರುತ್ತಿದ್ದರಿಂದ, ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಮಾಡಿ ನೆನಪಿಟ್ಟುಕೊಂಡಿದ್ದೇನೋ ಏನೋ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ತುಮಕೂರಿನ ಕಾಲೇಜೊಂದಕ್ಕೆ ಪಾಠ ಹೇಳಲು ಬಂದೆ. ನನ್ನ ಊರು ಕುಣಿಗಲ್. ತುಮಕೂರಿನಲ್ಲಿ ಇವರ ಬಳೆ ಅಂಗಡಿಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಪೇಟೆಯವರೆಲ್ಲ ಬಳೆ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆಕೆಯ ತವರು ಕುಣಿಗಲ್, ಮಣ್ಣು ಮಾಡಿದ್ದೂ ಅಲ್ಲೇ. ಇದ್ದೊಬ್ಬ ಮಗಳನ್ನು ಅದೇ ಊರಿಗೆ ಕೊಟ್ಟು ಮದುವೆ ಮಾಡಿದ್ದರು. ಹಾಗಾಗಿ ಒಂದೇ ಗೋಡೆಯ ಆಚೆ ಅವರು, ಈಚೆ ನಾನು. ಅವರ ತಟ್ಟೆಯ ಸದ್ದು ನನಗೆ ಕೇಳಿಸುತ್ತಿತ್ತು, ನನ್ನ ಪಂಪ್ ಸ್ಟೌವಿನ ಸದ್ದು ಅವರಿಗೆ.

"ಮೇಷ್ಟ್ರೇ, ಇವತ್ತೂ ಉಪ್ಪಿಟ್ಟೇನಾ?" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದರು.

"ಹೂಂ ಸಾಹೇಬ್ರೇ."

"ಗೋಡೆಗೂ ಬೇಜಾರಾಗಿದೆ ಕಣ್ರೀ, ಬೇರೆ ಏನಾದ್ರೂ ಮಾಡಿ."

ಬಾಗಿಲು ತೆರೆದು ಒಂದು ಕಡೆಯೇ ಕೂತು ಉಣ್ಣಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು, ಮೊದಲು ಯಾರು ಕರೆಯಬೇಕು ಎಂದು ಇಬ್ಬರೂ ಸುಮ್ಮನಿದ್ದೆವು.

ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕೂತು ಅವರು ಬಳೆ ತೊಡಿಸುವುದನ್ನು ನೋಡುತ್ತಿದ್ದೆ. ಹೆಂಗಸರು ತಮ್ಮ ಕೈಯನ್ನೇ ನೋಡುತ್ತ ಕೂತರೆ ಅದು ಕಟ್ಟಿಗೆಯಂತೆ ಬಿಗಿದುಕೊಳ್ಳುತ್ತಿತ್ತು. ಆಗ ಸಾಹೇಬರು ಮಾತಿಗೆಳೆಯುತ್ತಿದ್ದರು. ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಿದ್ದಳು.

"ಕೈ ನೋಡ್ಬೇಡಮ್ಮ, ರೋಡ್ ನೋಡು. ಯಾವೂರಿಗೆ ಕೊಟ್ಟವ್ರೆ?"

"ಹಿರೇಹಳ್ಳಿಗೆ."

"ಅತ್ತೆ ಒಳ್ಳೇವ್ರಾ?"

"ಪಕ್ಕದಲ್ಲೇ ಕೂತವ್ರೆ ಸಾಬ್ರೇ, ಏನ್ ಹೇಳ್ಲಿ?"

ಅತ್ತೆಯೂ ನಕ್ಕಳು, ಹುಡುಗಿಯೂ ನಕ್ಕಳು. ಆ ನಗುವಿನ ನಡುವೆ ಬಳೆ ಮಣಿಕಟ್ಟಿಗೆ ಇಳಿದಿತ್ತು.

ಇದೇ ಮನುಷ್ಯನಿಗೆ ಎದೆನೋವು ಬರುತ್ತಿತ್ತು. ಎದೆಯ ನಡುವೆ ಒತ್ತಿದಂತಾಗಿ, ನೋವು ಭುಜಕ್ಕೆ ಏರಿ, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದರು. ಬೆವರಿ ಅಂಗಿ ಬೆನ್ನಿಗೆ ಅಂಟುತ್ತಿತ್ತು. ನಾನು ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಏನಾಗುತ್ತೆ ನಿಮ್ಗೆ?" ಎಂದು ಡಾಕ್ಟರು ಕೇಳಿದರು.

"ಗಾಬರಿ ಆಗ್ತದೆ."

"ಯಾವ್ದಕ್ಕೆ ಗಾಬರಿ?"

"ಯಾವ್ದಕ್ಕೂ ಇಲ್ಲ."

"ಮತ್ತೆ?"

"ಇಲ್ಲಿ. ಇಲ್ಲಿ ಗಾಬರಿ," ಎಂದು ಸಾಹೇಬರು ಅಂಗೈಯನ್ನು ಎದೆಗೆ ಒತ್ತಿ ತೋರಿಸಿದರು. "ಕಲ್ಲು ಇಟ್ಟಂಗೆ."

ಡಾಕ್ಟರು ನನ್ನ ಮುಖ ನೋಡಿದರು. ಕನ್ನಡದಲ್ಲಿ ಗಾಬರಿಗೊಂದು ಕಾರಣ ಬೇಕು. ನಾಯಿ ಮೈಮೇಲೆ ಬಂತು, ಟೆಲಿಗ್ರಾಂ ಬಂತು, ಮಗು ಕಾಣಿಸಲಿಲ್ಲ, ಹೀಗೆ. ಸಾಹೇಬರ ಮನೆಯ ಉರ್ದುವಿನಲ್ಲಿ ಅದೇ ಮಾತು ಎದೆಗೆ ಬರುವ ಕಾಯಿಲೆಯೂ ಹೌದು. ನಾವು ಕೆಮ್ಮು, ನೆಗಡಿ ಎನ್ನುವಷ್ಟೇ ಸಹಜವಾಗಿ ಅವರು ಆ ಮಾತನ್ನು ಹೇಳುತ್ತಿದ್ದರು. ಡಾಕ್ಟರು ಕಾರಣ ಕೇಳುತ್ತಿದ್ದರು, ಇವರು ಜಾಗ ತೋರಿಸುತ್ತಿದ್ದರು. ನನಗೂ ಇದು ಅರ್ಥವಾಗಿದ್ದು ಬಹಳ ತಡವಾಗಿ.

ಎಕ್ಸ್‌ರೇ ಆಯಿತು, ಇಸಿಜಿ ಆಯಿತು. "ಏನೂ ಇಲ್ಲ ರೀ. ನಿಮ್ಮ ಹಾರ್ಟು ಕಲ್ಲಿದ್ದಂಗಿದೆ," ಎಂದರು ಡಾಕ್ಟರು.

ಬೀದಿಗೆ ಬಂದ ಮೇಲೆ ಸಾಹೇಬರು, "ನೋಡಿದ್ರಾ ಮೇಷ್ಟ್ರೇ? ಕಲ್ಲು ಇದೆ ಅಂತ ಡಾಕ್ಟ್ರೂ ಒಪ್ಕೊಂಡ್ರು," ಎಂದರು. ನಕ್ಕೆವು. ಆದರೆ ಮನೆ ತಲುಪುವವರೆಗೂ ಅವರ ಕೈ ಎದೆಯ ಮೇಲಿಂದ ಇಳಿಯಲಿಲ್ಲ. ಏನೂ ಇಲ್ಲ ಎಂದು ಹೇಳಿಸಿಕೊಂಡ ಮೇಲೆ ಅವರಿಗೆ ತಮ್ಮ ನೋವಿನ ಬಗ್ಗೆ ಮಾತಾಡಲು ನಾಚಿಕೆಯಾಗತೊಡಗಿತು. ನೋವು ಬಂದಾಗ ಅಂಗಡಿಯ ಪರದೆ ಎಳೆದುಕೊಂಡು ಒಬ್ಬರೇ ಒಳಗೆ ಕೂರುತ್ತಿದ್ದರು.

ಲ್ಯಾಬಿನಲ್ಲಿ ದಿನಗಳೆದವನಿಗೆ ಏನೂ ಇಲ್ಲ ಎನ್ನುವ ಉತ್ತರ ಸಾಲದು. ನೋವು ಯಾವಾಗ ಬರುತ್ತದೆ ಎಂದು ಗಮನಿಸಲು ಶುರುಮಾಡಿದೆ. ಅವರು ವಾರ ವಾರ ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರ ಹೆಗಲಿಗೆ ಹಾಕಿಕೊಂಡು ಗುಬ್ಬಿ ಸಂತೆಗೆ ಹೋಗುತ್ತಿದ್ದರು. ನಿಂತುಕೊಂಡೇ, ಜನರ ನಡುವೆ ಸಿಕ್ಕಿಕೊಂಡೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಆಗ ಒಂದು ಸಲವೂ ಉಸಿರು ಕಟ್ಟಿದ್ದಿಲ್ಲ. ಕುಣಿಗಲ್ ಕಡೆಯ ಬಸ್ಸು ಹತ್ತಿದರೆ ಮಾತ್ರ ನಡುದಾರಿಯ ಹೆಬ್ಬೂರು ಹತ್ತಿರವಾಗುತ್ತಿದ್ದಂತೆ ಎದೆ ಹಿಡಿದುಕೊಳ್ಳುತ್ತಿತ್ತು. ಹೆಬ್ಬೂರಿನಲ್ಲಿ ಇಳಿದು, ಸೋಡಾ ಕುಡಿದು, ತುಮಕೂರಿಗೆ ಹಿಂದಿರುಗುತ್ತಿದ್ದರು. ಮಗಳ ಮನೆಯನ್ನು ಅವರು ನೋಡಿಯೇ ಇರಲಿಲ್ಲ. ಹೆಂಡತಿಯ ಗೋರಿಯ ಹತ್ತಿರವೂ, ಮಣ್ಣು ಮಾಡಿ ಬಂದ ಮೇಲೆ ಮತ್ತೆ ಹೋಗಿರಲಿಲ್ಲ. ಮನೆಯಲ್ಲಿ ನೋವು ಬರುತ್ತಿದ್ದದ್ದೂ ಹೆಚ್ಚಾಗಿ ನಾಳೆ ಕುಣಿಗಲ್‌ಗೆ ಹೊರಡಬೇಕು ಎಂದುಕೊಂಡ ದಿನಗಳಲ್ಲೇ.

"ಸಾಹೇಬ್ರೇ, ಇದು ಹಾರ್ಟಲ್ಲ. ಇದು ಗಾಬರಿ," ಎಂದೆ ಒಂದು ದಿನ, ಏನನ್ನೋ ಕಂಡುಹಿಡಿದವನ ಹಾಗೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದನ್ನೇ ತಾನೇ ಮೇಷ್ಟ್ರೇ ನಾನು ಮೊದಲ್ನೇ ದಿನ ಡಾಕ್ಟ್ರಿಗೆ ಹೇಳಿದ್ದು?"

"ಹಂಗಲ್ಲ. ಮನಸ್ಸಿನ ಗಾಬರಿಯಿಂದ ಮೈಗೆ ನೋವು ಬರ್ತಾ ಇದೆ. ನೋಡೋಕೆ ಕೂತ್ರೆ ಕೈ ಬಿಗಿಯಾಗಲ್ವಾ ಹೆಂಗಸರಿಗೆ, ಹಂಗೆ ನಿಮ್ಮ ಎದೆ."

"ಎದೆಗೆ ಬಳೆ ತೊಡಿಸ್ತೀರಾ? ಬುಡಿ ಬುಡಿ," ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿ, "ಮನಸ್ಸಿಂದೇ ಅಂದ್ರೆ ನೋವು ಸುಳ್ಳು ಅಂತಾನಾ?" ಎಂದು ಕೇಳಿದರು. ಅಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ನನಗೂ ಆ ಉತ್ತರ ಪುಸ್ತಕದಿಂದ ಬಂದದ್ದಾಗಿತ್ತು.

ಮಗಳು ಬಸುರಿಯಾಗಿ ಏಳು ತಿಂಗಳಾಯಿತು. ಏಳನೇ ತಿಂಗಳಲ್ಲಿ ತವರಿನವರು ಬಳೆ ತೊಡಿಸುವುದು ಅವರ ಮನೆತನದಲ್ಲೂ ಇತ್ತು. ಸಾಹೇಬರು ಹಸಿರು ಗಾಜಿನ ಬಳೆಗಳನ್ನು ಆರಿಸಿ ಕಾಗದದಲ್ಲಿ ಸುತ್ತಿದರು. "ಊರಿನ ಹೆಣ್ಮಕ್ಕಳಿಗೆಲ್ಲ ತೊಡಿಸಿದೀನಿ. ನನ್ನ ಮಗಳಿಗೆ ಬೇರೆಯವ್ರು ತೊಡಿಸೋದಾ? ಈ ಸಲ ಹೋಗ್ತೀನಿ. ಅವಳ ಅಮ್ಮನ ಹತ್ರಾನೂ ಹೋಗಿ ಬರ್ತೀನಿ," ಎಂದರು. ನಾನು ಜೊತೆಗೆ ಹೊರಟೆ.

ಹೆಬ್ಬೂರಿನವರೆಗೂ ಬಸ್ಸಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಬಸ್ಸು ನಿಂತ ಕೂಡಲೇ ಮಾತು ನಿಂತಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಇಳೀತೀನಿ," ಎಂದಷ್ಟೇ ಹೇಳಿ ಇಳಿದುಬಿಟ್ಟರು. ನಾನೂ ಇಳಿದೆ. ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತು ಉಸಿರೆಳೆಯುತ್ತ, ಬಳೆಯ ಪೊಟ್ಟಣವನ್ನು ನನ್ನ ಕೈಗಿಟ್ಟರು. "ನೀವು ತಗೊಂಡು ಹೋಗಿ. ಅವಳ ಅತ್ತೆ ತೊಡಿಸ್ಲಿ. ನೀವು ಬರೋವರ್ಗೂ ಇಲ್ಲೇ ಕೂತಿರ್ತೀನಿ."

ಮುಂದಿನ ಬಸ್ಸಿಗೆ ಕುಣಿಗಲ್‌ಗೆ ಹೋದೆ. ಮಗಳ ಮನೆ ತುಂಬ ಹೆಂಗಸರು. ಮಗಳು ನನ್ನೊಬ್ಬನನ್ನೇ ಕಂಡು, "ಎಲ್ಲಿ ಇಳಿದ್ರು?" ಎಂದಳು.

"ಹೆಬ್ಬೂರಲ್ಲಿ. ಸ್ವಲ್ಪ ಗ್ಯಾಸು..."

"ಗ್ಯಾಸಲ್ಲ ಅಣ್ಣ. ಅಬ್ಬಾಗೆ ಅಲ್ಲೇ ಆಗೋದು."

ಆಮೇಲೆ ಅವಳೇ ಹೇಳಿದಳು. ತಾಯಿಗೆ ಎರಡನೇ ಹೆರಿಗೆ ಕಷ್ಟವಾಗಿ, ಕುಣಿಗಲ್ಲಿನಿಂದ ತುಮಕೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆತರುತ್ತಿದ್ದರು. ಹೆಬ್ಬೂರಿನಲ್ಲಿ ಟೈರು ಪಂಕ್ಚರ್ ಆಯಿತು. ಸಾಹೇಬರು ಒಂದು ಕಾರು ಸಿಗುತ್ತದೇನೋ ಎಂದು ರಸ್ತೆಯುದ್ದಕ್ಕೂ ಓಡಾಡಿದರು. ಅವರು ಏದುಸಿರು ಬಿಡುತ್ತ ವಾಪಸ್ಸು ಬರುವ ಹೊತ್ತಿಗೆ ತಾಯಿ, ಹೊಟ್ಟೆಯಲ್ಲಿದ್ದ ಮಗು ಇಬ್ಬರೂ ಹೋಗಿದ್ದರು. ಪುಟ್ಟ ಮಗಳು ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು.

ಇದನ್ನು ನಾನು ಮೊದಲೇ ಕೇಳಿದ್ದೆನೋ ಅಥವಾ ಆ ದಿನವೇ ಮೊದಲು ಕೇಳಿದ್ದೋ? ಮೊದಲೇ ಗೊತ್ತಿದ್ದರೆ ನನ್ನ ಗಾಬರಿ ಸಿದ್ಧಾಂತಕ್ಕೆ ಏನೂ ಬೆಲೆಯಿಲ್ಲ. ಈಗ ಎಷ್ಟು ಯೋಚಿಸಿದರೂ ಯಾವುದು ಹಿಂದೆ, ಯಾವುದು ಮುಂದೆ ಎಂದು ಬಗೆಹರಿಯುವುದಿಲ್ಲ.

ಮಗಳು ಸೆರಗು ಸರಿಮಾಡಿಕೊಂಡು ಹೆಬ್ಬೂರಿಗೆ ಹೊರಟು ಎದ್ದಳು. ಅತ್ತೆ ಕೂಗಾಡಿದಳು. "ಏಳು ತಿಂಗಳ ಬಸ್ರಿ ಬಸ್ಸಲ್ಲಿ ಹೋಗ್ತಾಳಂತೆ! ಬುದ್ಧಿ ಇದೆಯೇನೇ ನಿಂಗೆ?"

"ಅಬ್ಬಾ ಕೈಲಿ ಬರಕ್ಕಾಗಲ್ಲ, ನನ್ ಕೈಲಿ ಹೋಗಕ್ಕಾಗುತ್ತೆ. ನೀವೂ ಬನ್ನಿ."

ಅತ್ತೆ ಬೈಯುತ್ತಲೇ ಚಪ್ಪಲಿ ಮೆಟ್ಟಿದಳು.

ಹೆಬ್ಬೂರಿನಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ಬಸ್ಸಿನ ಮೆಟ್ಟಿಲಿಳಿಯುವುದನ್ನು ಕಂಡು ಸಾಹೇಬರು ಎದ್ದು ನಿಂತರು. "ಯಾಕ್ ಬಂದೆ? ಈ ರೋಡಲ್ಲಿ ಯಾಕ್ ಬಂದೆ ನೀನು?" ಎಂದು ಕಿರುಚಿದರು. ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳು ಬೆಂಚಿನ ಮೇಲೆ ಕೂತು ಎರಡೂ ಕೈ ಚಾಚಿದಳು.

ಸಾಹೇಬರು ಬೆವರು ಒರೆಸಿಕೊಂಡು, ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಎದುರಿಗೆ ಕೂತರು. ಅವಳ ಕೈ ಊದಿಕೊಂಡಿತ್ತು, ಇವರ ಕಣ್ಣು ರಸ್ತೆಯ ಮೇಲಿತ್ತು. ಮೊದಲ ಬಳೆ ಒಡೆಯಿತು. ಅತ್ತೆ "ಯಾ ಅಲ್ಲಾ" ಎಂದಳು. ಸಾಹೇಬರು ಅಭ್ಯಾಸಬಲದಿಂದ, "ಕೈ ನೋಡ್ಬೇಡ, ರೋಡ್ ನೋಡು," ಎಂದರು.

"ನಾನು ರೋಡ್ ನೋಡ್ತೀನಿ. ನೀವು ನೋಡ್ಬೇಡಿ ಅಬ್ಬಾ. ನೀವು ನನ್ ಕೈ ನೋಡಿ."

ಅವರು ಕೈಯನ್ನೇ ನೋಡಿದರು. ಬಳೆಗಳು ಒಂದೊಂದಾಗಿ ಇಳಿದವು. ಆಗ ಅವರ ಉಸಿರು ಸಲೀಸಾಗಿ ಆಡುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಹಾಗೆ ಆಡಲಿ ಎಂದು ನಾನು ಬಯಸಿದ್ದೆ, ಆದ್ದರಿಂದ ಈ ಸಾಕ್ಷಿಯನ್ನು ಪೂರ್ತಿ ಒಪ್ಪಲಾರೆ. ಸೋಡಾ ಅಂಗಡಿಯವನು ಮಾತ್ರ ಯಾರೂ ಕೇಳದೆ ಎಲ್ಲರಿಗೂ ಒಂದೊಂದು ಬಾಟಲಿ ಕೊಟ್ಟ.

ಕುಣಿಗಲ್ ಬಸ್ಸು ಬಂತು. "ಬನ್ನಿ ಅಬ್ಬಾ, ಜೊತೇಲಿ ಹೋಗೋಣ," ಎಂದಳು ಮಗಳು. ಸಾಹೇಬರು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟರು. ಕಂಡಕ್ಟರು, "ಹತ್ತಿ ಸಾಬ್ರೇ, ಹತ್ತಿ," ಎಂದ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು. "ಇನ್ನೊಂದ್ ಸಲ," ಎಂದರು. ಮಗಳನ್ನೂ ಅತ್ತೆಯನ್ನೂ ಹತ್ತಿಸಿಕೊಂಡು ಬಸ್ಸು ಹೋಯಿತು. ಅದರ ಧೂಳು ಅಡಗುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಇಬ್ಬರೂ ತುಮಕೂರಿನ ಬಸ್ಸು ಹತ್ತಿದೆವು.

ಮೊಮ್ಮಗ ಕ್ಷೇಮವಾಗಿ ಹುಟ್ಟಿದ. ಅವನನ್ನೇ ತುಮಕೂರಿಗೆ ಕರೆತಂದು ತೋರಿಸಿದರು. ಇನ್ನೊಂದು ಸಲ ಎಂದದ್ದು ಆಗಲೇ ಇಲ್ಲ.

ಎಂಬತ್ತರ ದಶಕದಲ್ಲಿ ನನಗೆ ಗುಬ್ಬಿಯ ಕಾಲೇಜಿಗೆ ವರ್ಗವಾಯಿತು. ಸಂತೆಯ ದಿನ ಸಾಹೇಬರು ಕಾಲೇಜಿನ ಗೇಟಿಗೆ ಬಂದು ಮಾತಾಡಿಸಿ ಹೋಗುತ್ತಿದ್ದರು. ಒಂದು ಸಂತೆಗೆ ಬರಲಿಲ್ಲ. ಮರುದಿನ ಸುದ್ದಿ ಬಂತು. ಮಲಗಿದಲ್ಲೇ ಹೋಗಿದ್ದರು. ಹಾರ್ಟು ಎಂದರು ಕೆಲವರು. ಹಳೆಯ ಗಾಬರಿಯೇ ಎಂದರು ಕೆಲವರು. ನನಗೆ ಗೊತ್ತಿಲ್ಲ. ಒಂದನ್ನು ಅನುಭವಿಸಿದವನಿಗೆ ಇನ್ನೊಂದು ಬರಬಾರದು ಎಂಬ ನಿಯಮವೇನೂ ಇಲ್ಲ.

ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಮಗಳು ಹಟ ಹಿಡಿದಳು. ಮೆಟಡೋರ್ ವ್ಯಾನಿನಲ್ಲಿ ಹೊರಟೆವು. ಸಾಹೇಬರ ಪಕ್ಕದಲ್ಲಿ ಮಗಳು, ಡ್ರೈವರನ ಪಕ್ಕದಲ್ಲಿ ನಾನು. ಹೆಬ್ಬೂರು ಬಂದಾಗ ಡ್ರೈವರು ವೇಗ ಇಳಿಸಿ, "ಒಂದ್ ಟೀ ಕುಡಿಯೋಣ್ವಾ ಸಾರ್?" ಎಂದ.

ಹಿಂದಿನಿಂದ ಮಗಳು, "ಇಲ್ಲಿ ನಿಲ್ಲಿಸ್ಬೇಡಿ. ಹೋಗಿ, ಹೋಗ್ತಾ ಇರಿ," ಎಂದಳು.

ಸಾಹೇಬರು ಹೆಬ್ಬೂರು ದಾಟಿದರು.

ಸಂಜೆ ನಾನೊಬ್ಬನೇ ಕುಣಿಗಲ್ಲಿನಿಂದ ಬಸ್ಸು ಹಿಡಿದೆ. ಹೆಬ್ಬೂರಿನಲ್ಲಿ ಜನ ಇಳಿದು ಹತ್ತುತ್ತಿದ್ದಾಗ ನನ್ನ ಎದೆಯ ನಡುವೆ ಏನೋ ಒತ್ತಿದಂತಾಯಿತು. ಉಸಿರು ಪೂರ್ತಿ ಒಳಗೆ ಹೋಗಲಿಲ್ಲ. ಭುಜ ನೋಯತೊಡಗಿತು. ನನ್ನ ಹೃದಯ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು, ಹೀಗೆ ಯಾಕಾಗುತ್ತದೆ ಎಂದು ಇನ್ನೊಬ್ಬರಿಗೆ ವಿವರಿಸಿಯೂ ಇದ್ದೆ. ಅದರಿಂದ ನೋವು ಒಂದಿಷ್ಟೂ ಕಡಿಮೆಯಾಗಲಿಲ್ಲ. ಇಳಿದುಬಿಟ್ಟೆ. ಬಸ್ಸು ನನ್ನನ್ನು ಬಿಟ್ಟು ಹೋಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ರಸ್ತೆಯ ಬದಿಯಲ್ಲಿ ಕೂತೆ. ಇದು ಹೇಗಿರುತ್ತದೆ ಎಂದು ನಾನು ಹೇಳಿದರೆ ಪೂರ್ತಿ ನಂಬುವ ಮನುಷ್ಯ ಒಬ್ಬರೇ ಒಬ್ಬರಿದ್ದರು. ಅವರನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆ.