ಹನುಮೇಶ ಮಾವನನ್ನು ಹೊತ್ತವರು

ಇವತ್ತು ಕೊಪ್ಪಳದ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಬಾಣಂತಿಗೆಂದು ಎಣ್ಣೆ ಕಾಯಿಸುತ್ತಿದ್ದರು. ಔಡಲೆಣ್ಣೆ ಕಾದು, ಅದರೊಳಗೆ ಜಜ್ಜಿದ ಬೆಳ್ಳುಳ್ಳಿ ಬಿದ್ದು, ಅಜವಾನ ಸಿಡಿದು, ಆ ಘಾಟು ಕಿಟಕಿಯಿಂದ ಒಳಗೆ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಹಾಗೇ ನಿಂತುಬಿಟ್ಟಿತು. ಆ ವಾಸನೆಗೆ ಎಲ್ಲರಿಗೂ ಎಳೆಗೂಸಿನ ನೆನಪು ಬರುವುದು ರೂಢಿ. ನನಗೆ ಬರುವುದು ಫುಟ್‌ಬಾಲ್ ಆಟ. ನಗಬೇಡಿ. ನಿಮ್ಮ ಎಳವೆಯಲ್ಲೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದರ ಹಿಂದೆ ಒಂದು ಮನೆ, ಆ ಮನೆಯ ಕಟ್ಟೆ, ಆ ಕಟ್ಟೆಯ ಮೇಲೆ ಕೂತವರು, ಮತ್ತು ಅವರ್‍ಯಾರೂ ಈಗ ಇಲ್ಲ ಎಂಬ ಮಾತು, ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ತವೆಯ ಮೇಲಿನ ರೊಟ್ಟಿ ಸೀದದ್ದೂ ನನಗೆ ತಿಳಿಯಲಿಲ್ಲ.

ನಾನು ಬೆಳೆದದ್ದು ಗಂಗಾವತಿ ಸೀಮೆಯ ಕಾಲುವೆ ಕಾಲೋನಿಯಲ್ಲಿ, ನನ್ನವ್ವನ ತವರುಮನೆಯಲ್ಲಿ. ನಮ್ಮ ಅಜ್ಜ ಕಾಲುವೆಯ ತೂಬಿನ ಗೇಟು ಎತ್ತಿ ಇಳಿಸುವ ಲಸ್ಕರ್ ಆಗಿದ್ದ. ಅವನು ತೀರಿದ ಮೇಲೆ ಆ ಕೆಲಸವೂ ಆ ಕ್ವಾರ್ಟರ್ಸೂ ಅವನ ಮಗ, ನನ್ನ ಸೋದರಮಾವ ಹನುಮೇಶನ ಪಾಲಿಗೆ ಬಂದವು. ಎರಡು ಕೋಣೆ, ಪರ್ಶಿಕಲ್ಲಿನ ನೆಲ, ಮುಂದೊಂದು ಕಟ್ಟೆ, ಕಟ್ಟೆಗೆ ನೆರಳಾಗಿ ಬೇವಿನಮರ. ವರ್ಷದ ಬಹಳಷ್ಟು ದಿನ ಆ ಮನೆಯೊಳಗೆ ಕಾಲುವೆಯ ಸದ್ದು ಒಬ್ಬ ಮನುಷ್ಯನಂತೆ ಇರುತ್ತಿತ್ತು. ಬೇಸಿಗೆಯ ಭತ್ತ ಕೊಯ್ದಾದ ಮೇಲೆ ನೀರು ಬಂದ್ ಆಗುತ್ತಿತ್ತು. ಆ ದಿನ ಮನೆಯವರೆಲ್ಲ ಯಾಕೋ ಜೋರಾಗಿ ಮಾತಾಡುತ್ತಿದ್ದೇವೆ ಅನ್ನಿಸಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ನೀರು ನಿಂತಿತೆಂದರೆ ಲಸ್ಕರುಗಳಿಗೆ ಬಿಡುವು, ಗದ್ದೆಯವರಿಗೆ ಬಿಡುವು, ಅಂದರೆ ಫುಟ್‌ಬಾಲ್. ಯಾವುದೋ ಕಾಲದಲ್ಲಿ ಪರವೂರಿನ ಇಂಜಿನಿಯರೊಬ್ಬರು ಕಾಲೋನಿಯ ಬಯಲಲ್ಲಿ ನೀರಿನ ಪೈಪು ಹುಗಿಸಿ ಎರಡು ಗೋಲುಕಂಬ ನಿಲ್ಲಿಸಿ ಹೋಗಿದ್ದರಂತೆ. ಅವರ ಹೆಸರು ಯಾರಿಗೂ ನೆನಪಿರಲಿಲ್ಲ, ಆಟ ಮಾತ್ರ ಉಳಿದಿತ್ತು. ಸುತ್ತಲಿನ ಆಂಧ್ರ ರೈತರ ಕ್ಯಾಂಪುಗಳಿಂದ, ಶ್ರೀರಾಮನಗರದಿಂದ, ಕನಕಗಿರಿ ಕಡೆಯಿಂದ ಹುಡುಗರು ಟ್ರ್ಯಾಕ್ಟರ್ ತುಂಬ ಬರುತ್ತಿದ್ದರು. ಹೆಂಗಸರು ಮಕ್ಕಳು ಒಣಗಿದ ಕಾಲುವೆಯ ದಂಡೆಯ ಮೇಲೆ ಸಾಲಾಗಿ ಕೂತು, ಶೇಂಗಾ ಸುಲಿಯುತ್ತ ಆಟ ನೋಡುತ್ತಿದ್ದರು.

ಹನುಮೇಶ ಮಾವ ಓಡುವುದನ್ನು ನೀವು ನೋಡಬೇಕಿತ್ತು. ಉದ್ದ ಕಾಲು, ಎದೆ ಮುಂದೆ, ತಲೆ ಒಂಚೂರು ಓರೆ, ಯಾರೋ ಕರೆದದ್ದಕ್ಕೆ ಓಗೊಡುತ್ತ ಹೋಗುವವನ ಹಾಗೆ. ಗೇಟಿನ ಗ್ರೀಸ್ ಅವನ ಉಗುರ ಸಂದಿಯಿಂದ ಯಾವತ್ತೂ ಹೋಗುತ್ತಿರಲಿಲ್ಲ. ಆ ಕೈಯಿಂದ ನನ್ನ ಕೆನ್ನೆ ಚಿವುಟಿ, ಕಪ್ಪು ಮಾಡಿ, "ದೃಷ್ಟಿಬೊಟ್ಟು ಇಟ್ಟೀನಿ ನೋಡ್" ಅನ್ನುತ್ತಿದ್ದ. ಜನ ಅವನನ್ನು ಪ್ರೀತಿಸುತ್ತಿದ್ದ ಪರಿ ಹೇಳಲೇಬೇಕು. ಚಹಾದಂಗಡಿಯ ಗಾಳೆಪ್ಪ ಅವರಿಗೆಲ್ಲ ಮುಖಂಡ. ಕೊರಳಿಗೆ ಹಲಗೆ ನೇತುಹಾಕಿಕೊಂಡು ಬಾರಿಸುತ್ತ, ಮೈದಾನದ ಗೆರೆಯ ಮೇಲೆ ಆಟಗಾರರಿಗಿಂತ ಹೆಚ್ಚು ಓಡುತ್ತಿದ್ದ. ಆಟದ ದಿನ ಮುಂಜಾನೆ ನಮ್ಮ ಮನೆಗೆ ಯಾರೋ ಕೋಳಿಮೊಟ್ಟೆ, ಯಾರೋ ಗಟ್ಟಿಮೊಸರು ತಂದಿಡುತ್ತಿದ್ದರು. ಮಾವನ ಗೋಲು ತಪ್ಪಿತೋ, ಸಂಜೆ ಅದೇ ಜನ ಕಿಟಕಿಯ ಹೊರಗೆ ನಿಂತು, "ಲೇ ಹನುಮ್ಯಾ, ನಮ್ಮ ಮೊಸರು ಕುಡದು ಅಂಗಳದಾಗ ನಿದ್ದಿ ಹೊಡದ್ಯೇನಲೇ? ಮೊಸರು ವಾಪಸ್ ಕೊಡು!" ಎಂದು ಕೂಗುತ್ತಿದ್ದರು. ಮಾವ ಒಳಗೆ ಗೋಡೆಗೆ ಒರಗಿ ನಗುತ್ತಿದ್ದ. ನಮ್ಮ ಆಯಿ, ಅಂದರೆ ನನ್ನ ಅಜ್ಜಿ, ಕಿಟಕಿಗೆ ಹೋಗಿ, "ನಾಳೆ ಬರ್ರಿ, ಮಜ್ಜಿಗಿ ಮಾಡಿ ಕೊಡತೀನಿ" ಅಂದು ಕದ ಹಾಕುತ್ತಿದ್ದಳು.

ಆ ಎಣ್ಣೆ ಆಯಿಯದು; ಬೆಳ್ಳುಳ್ಳಿ ಹಾಕಿ ಅಂಥದನ್ನೇ ಕಾಯಿಸಿ ಉಳುಕು ತಿಕ್ಕುತ್ತಿದ್ದಳು. ಆಟ ಮುಗಿದ ಮೇಲೆ ಉಳುಕಿದ ಕಾಲುಗಳೆಲ್ಲ ನಮ್ಮ ಕಟ್ಟೆಗೆ ಬರುತ್ತಿದ್ದವು, ನಮ್ಮವರದೂ ಎದುರಾಳಿಗಳದೂ. ಆಗಷ್ಟೇ ಒಬ್ಬರ ಮೈಮೇಲೆ ಒಬ್ಬರು ಬಿದ್ದವರು ಬೇವಿನ ನೆರಳಲ್ಲಿ ಸಾಲಾಗಿ ಕಾಲು ಚಾಚಿ ಕೂತಿರುತ್ತಿದ್ದರು. ಯಾರಾದರೂ ಸಂಕೋಚದಿಂದ, "ಆಯಿ, ನಾವು ಶ್ರೀರಾಮನಗರದವ್ರು" ಅಂದರೆ, "ಮೊದಲ ಕಾಲು ಕೊಡೋ, ಊರು ಆಮ್ಯಾಲೆ ಹೇಳಂತಿ" ಅನ್ನುತ್ತಿದ್ದಳು. ಆದರೆ ಮೈದಾನದ ರೀತಿಯೇ ಬೇರೆ. ಅಲ್ಲಿ ಎರಡು ಪದ್ಧತಿ ನಡೆದುಬಂದಿದ್ದವು. ಎದುರಾಳಿಯ ಹುಡುಗ ಬಿದ್ದು ಹೊರಳಿದರೆ ಗಾಳೆಪ್ಪ ಹೆಣದ ಮುಂದೆ ಬಾರಿಸುವ ಬಡಿತವನ್ನು ಹಲಗೆಯ ಮೇಲೆ ಬಾರಿಸುತ್ತಿದ್ದ, ಜನ ಹೋ ಎಂದು ನಗುತ್ತಿದ್ದರು. ನಮ್ಮವನು ಬಿದ್ದರೆ ಬಿದ್ದಲ್ಲಿ ಬಿಡುವಂತಿಲ್ಲ. ನಾಲ್ಕು ಮಂದಿ ಓಡಿಹೋಗಿ ಅವನನ್ನು ಹೆಗಲ ಮೇಲೆ ಹೊತ್ತು, ಇಡೀ ಮೈದಾನ ಒಂದು ಸುತ್ತು ಮೆರೆಸಬೇಕು. ಹಿಂದೊಮ್ಮೆ ಹಾಗೆ ಮೆರೆಸಿದ ಹುಡುಗನೊಬ್ಬ ಹೆಗಲಿನಿಂದಲೇ ಜಿಗಿದು ಹೋಗಿ ಗೋಲು ಹೊಡೆದಿದ್ದನಂತೆ. ಅಂದಿನಿಂದ ಅದು ಕಾಲೋನಿಯ ಕಟ್ಟಳೆಯಾಗಿತ್ತು. "ನಮ್ಮವ್ರು ನೆಲಕ್ಕ ಬಿದ್ದದ್ದು ವೈರಿ ಕಣ್ಣಿಗೆ ಕಾಣಬಾರದು" ಎಂಬುದು ಗಾಳೆಪ್ಪನ ಮಾತು. ಆಯಿಗೆ ಆ ಹೆಣದ ಬಡಿತ ಸೇರುತ್ತಿರಲಿಲ್ಲ. "ಯಾರ ಕೂಸಾದ್ರೇನೋ ಗಾಳ್ಯಾ, ಬಿದ್ದ ಕೂಸಿಗೆ ಆ ಬಡಿತ ಬಡೀತಾರೇನು? ಅಪಶಕುನ ಬಾಯಿಲೆ ನುಡೀಬಾರದು, ಹಲಗೀಲೂ ನುಡಿಸಬಾರದು" ಎಂದು ಬೈಯುತ್ತಿದ್ದಳು. ಅವನು, "ಆಟದಾಗ ಇದೆಲ್ಲ ಇರೂದಬೇ ಆಯಿ" ಎಂದು ಹಲ್ಲು ಕಿರಿಯುತ್ತಿದ್ದ.

ಆ ವರ್ಷದ ಫೈನಲ್ ನಮಗೂ ಶ್ರೀರಾಮನಗರಕ್ಕೂ ಬಿತ್ತು. ಅವರ ಕಡೆ ಸತ್ತಿಬಾಬು ಎಂಬ ಗಟ್ಟಿಮೈಯ ತೆಲುಗು ಹುಡುಗನಿದ್ದ. ಮಾವನನ್ನು ತಡೆಯುವುದೇ ಅವನ ಕೆಲಸ. ಹಿಂದಿನ ವರ್ಷವಷ್ಟೇ ನಮ್ಮ ಕಟ್ಟೆಯ ಮೇಲೆ ಆಯಿಯ ಕೈಯಲ್ಲಿ ಪಾದ ತಿಕ್ಕಿಸಿಕೊಂಡು, ಅಳುತ್ತ ನಗುತ್ತ ಹೋದವನು. ಮಾವ ಚೆಂಡು ಕಾಲಲ್ಲಿಟ್ಟುಕೊಂಡು ಬಲಗಡೆಯಿಂದ ನುಗ್ಗಿದ. ಸತ್ತಿಬಾಬು ಅಡ್ಡ ಜಾರಿಬಂದ. ಧೂಳೆದ್ದಿತು. ಇಬ್ಬರೂ ಬಿದ್ದರು. ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ ಒಂದು ಸಪ್ಪಳ ದಂಡೆಯ ಮೇಲಿದ್ದ ನಮಗೂ ಕೇಳಿತು. ಮೊದಲು ಎದ್ದವನು ಸತ್ತಿಬಾಬು. ಮಾವನ ಕಾಲನ್ನು ನೋಡಿದವನೇ ಎರಡೂ ಕೈ ಮೇಲೆತ್ತಿ, ಓಡಿಬರುತ್ತಿದ್ದ ನಮ್ಮವರಿಗೆ ಅಡ್ಡ ನಿಂತ. "ಎತ್ತಬ್ಯಾಡ್ರಿ! ಎತ್ತೊದ್ದು! ಕಾಲು ಮುರದೈತಿ, ಎತ್ತಬ್ಯಾಡ್ರಿ!"

"ಮುರದವ ನೀನ, ಮ್ಯಾಲ ಬುದ್ಧಿ ಹೇಳಾಕ ಬರತಿ?" ಎಂದು ಗಾಳೆಪ್ಪ ಅವನ ಎದೆಗೆ ಕೈಯಿಟ್ಟು ನೂಕಿದ. ನೂಕಿ, ಮಾವನನ್ನು ಎತ್ತಿದರು. ಎಷ್ಟೊಂದು ಕೈಗಳು! ಎಲ್ಲರಿಗೂ ಮುಟ್ಟುವ ಆಸೆ, ಎಲ್ಲರಿಗೂ ಹೆಗಲು ಕೊಡುವ ಆಸೆ. "ನಮ್ಮ ಹುಲಿಗೆ ಜಯವಾಗಲಿ" ಎಂದು ಕೂಗುತ್ತ ಗೆರೆಯ ಗುಂಟ ಹೊರಟರು. ಮಾವನ ಒಂದು ಕಾಲು ಯಾರದೋ ಹೆಗಲ ಮೇಲಿತ್ತು. ಇನ್ನೊಂದು ಮೊಣಕಾಲ ಕೆಳಗೆ ಬೇರೆಯದೇ ಆಗಿ, ಅವರು ಕುಣಿದ ಹಾಗೆ ಕುಣಿಯುತ್ತಿತ್ತು. ದಂಡೆಯ ಮುಂದೆ ಬಂದಾಗ ಮಾವನ ಹಲ್ಲು ಕಂಡವು. ನಗುತ್ತಿದ್ದಾನೆಂದು ಹೆಂಗಸರು ಚಪ್ಪಾಳೆ ತಟ್ಟಿದರು. ಯಾರೋ "ಕೈ ಎತ್ತೋ ಹನುಮೇಶ" ಅಂದರು. ಅವನು ಎತ್ತಿದ. ಜನ ಕೇಳಿದರೆ ಇಲ್ಲವೆನ್ನಲು ಅವನಿಗೆ ಬರುತ್ತಿರಲಿಲ್ಲ. ಆಯಿ ಒಬ್ಬಳೇ ಎದ್ದು, ಸೆರಗು ಜಾರಿದ್ದೂ ಲಕ್ಷ್ಯವಿಲ್ಲದೆ ದಂಡೆ ಇಳಿದು ಓಡಿದಳು. ಅಷ್ಟರಲ್ಲಿ ಸುತ್ತು ಮುಗಿದಿತ್ತು.

ನಮ್ಮ ಕಟ್ಟೆಗೇ ತಂದರು. ಆಯಿ ಕಾಲ ಮೇಲೆ ಕೈಯಿಟ್ಟವಳು ಕೆಂಡ ಮುಟ್ಟಿದಂತೆ ಹಿಂದಕ್ಕೆ ತೆಗೆದಳು. "ಇದು ನನ್ನ ಕೈಯಾಗ ಆಗೂದಲ್ಲ. ದವಾಖಾನಿಗೆ ಒಯ್ರಿ. ಸಾವಕಾಶ ಒಯ್ರಿ." ಸಾವಕಾಶ ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮಲಗಿಸಿ, ಸುತ್ತ ತಾವೂ ಹತ್ತಿ, ಹಲಗೆ ಬಾರಿಸುತ್ತ, ಕಾಲುವೆ ದಾರಿಯ ಗುಂಡಿಗಳ ಮೇಲೆ ಹಾರಿಸಿಕೊಂಡು ಹೋದರು. ಆಯಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ದವಾಖಾನೆಯ ಡಾಕ್ಟರು ಹೇಳಿದ್ದನ್ನು ಅವಳೇ ಆಮೇಲೆ ಅವ್ವನಿಗೆ ಹೇಳಿದ್ದು: ಮುರಿದದ್ದು ಕೂಡುತ್ತಿತ್ತು, ಹೊತ್ತು ಕುಣಿಸಿದ್ದರಿಂದ ಎಲುಬಿನ ಚೂರು ಒಳಗೆಲ್ಲ ಹರಿದುಹಾಕಿದೆ, ಕಾಲು ಉಳಿದರೂ ಮೊಣಕಾಲು ಇನ್ನು ಮಡಿಚುವುದಿಲ್ಲ. ಬಹಳ ದಿನಗಳ ಮೇಲೆ ಮಾವ ಮನೆಗೆ ಬಂದಾಗ ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು, ಸೆಟೆದ ಕೋಲಿನಂತಿತ್ತು. ಕಟ್ಟೆ ಏರುವಾಗ ಅದನ್ನು ಕೈಯಿಂದ ಎತ್ತಿ ಇಡುತ್ತಿದ್ದ, ಬೇರೆಯವರ ಸಾಮಾನು ಇಟ್ಟ ಹಾಗೆ.

ಆ ಮೊದಲ ದಿನಗಳಲ್ಲಿ ಮನೆ ತುಂಬ ಜನ. ಅವರು ಹೋದ ಮೇಲೆ ಸತ್ತಿಬಾಬು ಬರುತ್ತಿದ್ದ, ಬಾಳೆಹಣ್ಣಿನ ಚಿಪ್ಪು ಹಿಡಿದು, ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲಷ್ಟೇ ಕೂರುತ್ತಿದ್ದ. "ಚೆಂಡಿಗೇ ಕಾಲು ಹಾಕೀನಮ್ಮಾ, ದೇವುಡಾಣೆ" ಎಂದು ಆಯಿಗೆ ಪ್ರತಿಸಲವೂ ಹೇಳುತ್ತಿದ್ದ. "ಗೊತ್ತೈತೋ ಮಗನ, ಚಾ ಕುಡಿ" ಅನ್ನುತ್ತಿದ್ದಳು ಆಯಿ. ಮಾವನೂ ಅವನೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಕೂತಿದ್ದಷ್ಟು ಹೊತ್ತು ಮಾವನ ಮುಖ ಸಡಿಲಾಗುತ್ತಿದ್ದುದನ್ನು ನಾನು ಬಾಗಿಲ ಹಿಂದಿನಿಂದ ಕಂಡಿದ್ದೇನೆ. ಒಂದು ಸಂಜೆ ಅವನ ಬದಲು ಗಾಳೆಪ್ಪನ ಗುಂಪು ಬಂತು, ಅಂಗಿ ಬೆವೆತು, ಕಣ್ಣು ಹೊಳೆಯುತ್ತ. "ನಿನ್ನ ಕಾಲಿಗೆ ಲೆಕ್ಕ ಚುಕ್ತಾ ಮಾಡಿದ್ವಿ ಹನುಮೇಶ. ನಿನ್ನ ಮನಿಗೇ ಬರಾಕ ಧೈರ್ಯ ನೋಡು ಅವಂಗ! ಕಾಲುವಿ ಗೇಟಿನ ಹತ್ರ ಹಿಡದು ಹಂಗ ಬಡದೀವಿ, ಇನ್ನ ಈ ಕಡೆ ತಲಿ ಹಾಕಿ ಮಲಗಂಗಿಲ್ಲ." ಮಾವ ಅವರು ಹೋಗುವವರೆಗೆ ತಲೆಯಾಡಿಸಿ, ಹೋದ ಮೇಲೆ ಗೋಡೆಯ ಕಡೆ ಹೊರಳಿದ.

"ಕಾಲು ಮುರದದ್ದು ಆಟದಾಗ, ಕಳದದ್ದು ನಿಮ್ಮ ಹೆಗಲ ಮ್ಯಾಲ ಅಂತ ಹೇಳಿಬಿಡೋ" ಎಂದು ಆಯಿ ಸಿಟ್ಟಿಗೆದ್ದಳು. ಗೋಡೆಯ ಕಡೆಯಿಂದಲೇ ಮಾವ ಅಂದ: "ಪ್ರೀತಿಲೆ ಹೊತ್ತಾರಬೇ ಯವ್ವಾ. ಏನಂತ ಹೇಳ್ಲಿ?"

ಅವನು ಹೇಳಲೇ ಇಲ್ಲ. ಬಾಳೆಹಣ್ಣು ಬರುವುದು ನಿಂತಿತು. ಆಮೇಲೆ ಮೊಟ್ಟೆ ನಿಂತಿತು, ಮೊಸರು ನಿಂತಿತು. ಮರುವರ್ಷ ನೀರು ಬಂದ್ ಆದಾಗ ಮಾವನಿಗೆ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಅದರ ಮರುವರ್ಷ ಕುರ್ಚಿಯಲ್ಲಿ ಬೇರೆ ಯಾರೋ ದೊಡ್ಡವರಿದ್ದರು, ಮಾವ ನಮ್ಮೊಂದಿಗೆ ದಂಡೆಯ ಮೇಲೆ ಕೂತ. ಹೊಸ ಹುಡುಗನೊಬ್ಬ ಆಗಲೇ ಹುಲಿಯಾಗಿದ್ದ. ಆ ದಿನ ಕನಕಗಿರಿ ಕಡೆಯ ಒಬ್ಬ ಹುಡುಗ ಬಿದ್ದು ಕಾಲು ಹಿಡಿದುಕೊಂಡ. ಹೆಣದ ಬಡಿತ ಶುರುವಾಯಿತು. ಮಾವ ಎದ್ದ. ಆ ಸೆಟೆದ ಕಾಲನ್ನು ಎಳೆಯುತ್ತ ಮೈದಾನದ ನಡುವಿಗೆ ಹೋಗಿ ಹುಡುಗನ ಪಕ್ಕ ಕುಸಿದು ಕೂತು, ಎರಡೂ ಕೈ ಎತ್ತಿ, "ಎತ್ತಬ್ಯಾಡ್ರಿ! ಯಾರೂ ಎತ್ತಬ್ಯಾಡ್ರಿ!" ಎಂದು ಕೂಗತೊಡಗಿದ. ಆ ಹುಡುಗನನ್ನು ಎತ್ತಲು ಯಾರೂ ಹೋಗಿರಲಿಲ್ಲ. ಅವನಿಗೆ ಆಗಿದ್ದೂ ಬರೀ ಉಳುಕು. ಅವನು ಎದ್ದು ಕುಂಟುತ್ತ ಆಟಕ್ಕೆ ಹೋದ. ಮಾವನಿಗೆ ಏಳಲಾಗಲಿಲ್ಲ. ಬಟಾಬಯಲಲ್ಲಿ ಕೈ ಎತ್ತಿಕೊಂಡು ಒಬ್ಬನೇ ಕೂತಿದ್ದ. "ಏ ಕುಂಟಾ, ಬದಿಗೆ ಸರಿಯೋ! ಆಟ ನಿಂತೈತಿ!" ಎಂದು ಒಂದು ದನಿ ಬಂತು. ಆಮೇಲೆ ಹಲವು. ಹಲಗೆಯ ಬಡಿತ ನಿಲ್ಲದೆ ಅವನ ಸುತ್ತ ನಡೆದೇ ಇತ್ತು. ಯಾರೋ ಕಂಕುಳಲ್ಲಿ ಕೈಹಾಕಿ ಅವನನ್ನು ಗೆರೆಯ ಆಚೆ ಬಿಟ್ಟು ಹೋದರು. ಮಾವ ಮತ್ತೆಂದೂ ಆಟಕ್ಕೆ ಹೋಗಲಿಲ್ಲ. ಆಯಿಯೂ ಎಣ್ಣೆಯ ಬಟ್ಟಲನ್ನು ಬೋರಲು ಹಾಕಿಟ್ಟವಳು, ಉಳುಕಿದವರು ಬಂದರೆ, "ದವಾಖಾನಿ ಐತಲ್ಲಪಾ" ಎಂದು ಒಳಗೆ ಹೋಗುತ್ತಿದ್ದಳು. ನಮ್ಮ ಕಟ್ಟೆ ಬರಿದಾಯಿತು.

ಆಯಿ ಮೊದಲು ಹೋದಳು. ನಾನು ಮದುವೆಯಾಗಿ ಕೊಪ್ಪಳಕ್ಕೆ ಬಂದೆ. ಕೆಲವು ವರ್ಷಗಳ ಹಿಂದೆ ಮಾವನೂ ತೀರಿಕೊಂಡ. ನಾನು ಹೋದಾಗ ಕಾಲುವೆಗೆ ನೀರು ನಿಂತಿತ್ತು. ಮುದುಕನಾದ ಗಾಳೆಪ್ಪ ಬಂದಿದ್ದ. ನಿಜವಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇನ್ನೂ ಕೆಲವು ಹಳೆಯ ಹೆಗಲುಗಳೂ ಬಂದಿದ್ದವು. ಕಾಲುವೆ ದಂಡೆಯ ಜಾಲಿಗಿಡದ ಹತ್ತಿರ, ತಲೆ ನರೆತ ಗಟ್ಟಿಮೈಯ ಮನುಷ್ಯನೊಬ್ಬ ಚಪ್ಪಲಿ ಬಿಟ್ಟು ನಿಂತಿದ್ದ. ಬಾಳೆಹಣ್ಣಿನ ಚಿಪ್ಪು ಇರಲಿಲ್ಲ, ಆದರೂ ಗುರುತು ಸಿಕ್ಕಿತು. ಚಟ್ಟ ಕಟ್ಟಿ ಮುಗಿದ ಮೇಲೆ ಗಾಳೆಪ್ಪ ಹಲಗೆಯನ್ನು ಬೆಂಕಿಗೆ ಕಾಯಿಸಿ ಹದ ಮಾಡಿ, ಕಣ್ಣೊರೆಸಿಕೊಂಡು ಬಾರಿಸಿದ. ಅದೇ ಬಡಿತ. ಈ ಸಲ ಯಾರೂ ನಗಲಿಲ್ಲ.

"ಎತ್ರಿ" ಅಂದರು ಯಾರೋ.

ಜಾಲಿಗಿಡದ ಕೆಳಗೆ ಸತ್ತಿಬಾಬುವಿನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಅರ್ಧಕ್ಕೆ ನಿಂತವು. ಆಮೇಲೆ ನಿಧಾನವಾಗಿ ಒಂದಕ್ಕೊಂದು ಕೂಡಿ ಎದೆಯ ಹತ್ತಿರ ಇಳಿದವು. ಅವರು ಮಾವನನ್ನು ಹೊತ್ತು ಗೋಲುಕಂಬಗಳಿದ್ದ ಬಯಲಿನ ಅಂಚಿನಲ್ಲೇ ಹೋದರು. ಬಹಳ ಜೋಪಾನವಾಗಿ, ಒಂದು ಕಲ್ಲೂ ಎಡವದಂತೆ, ಸಾವಕಾಶವಾಗಿ ಹೋದರು.

ಈಗ ಆ ಕ್ವಾರ್ಟರ್ಸ್ ಇಲ್ಲ. ಬೇವಿನಮರ ಇದ್ದ ಜಾಗದಲ್ಲಿ ಭತ್ತ ಒಣಹಾಕುತ್ತಾರೆ. ಪಕ್ಕದ ಮನೆಯಲ್ಲಿ ಎಣ್ಣೆ ಕಾದು ಮುಗಿದಿರಬೇಕು, ವಾಸನೆ ಆರುತ್ತಿದೆ. ಕೂಸು ಒಂದೇ ಸಮನೆ ಅಳುತ್ತಿತ್ತು, ಈಗ ಸುಮ್ಮನಾಗಿದೆ. ಯಾರೋ ಅದರ ಎಳೆಯ ಕಾಲುಗಳನ್ನು ನೀವುತ್ತಿದ್ದಾರೆ.