ಗುಲಾಬಿ ಕಾಗದದೊಳಗಿನ ಕಿವಿ

ನನ್ನ ಪದವಿ ಪ್ರಮಾಣಪತ್ರವು ಅಮ್ಮನ ಒಂದೇ ಒಂದು ರೇಷ್ಮೆಸೀರೆಯ ಮಡಿಕೆಯಲ್ಲಿ, ನುಸಿಗುಳಿಗೆಯ ವಾಸನೆ ಹೀರುತ್ತಾ, ಟ್ರಂಕಿನ ತಳದಲ್ಲಿ ಸುಖವಾಗಿ ಮಲಗಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ, ಗೆಳೆಯರೇ, ಆ ಕಾಗದಕ್ಕೆ ಗಾಳಿ ಸೋಕುವುದೂ ಅವಳಿಗೆ ಅಪಾಯವೆನಿಸುತ್ತದೆ. ಬೆಲೆಯುಳ್ಳದ್ದನ್ನು ಬಚ್ಚಿಡಬೇಕು ಎಂಬ ಈ ಶಿಷ್ಟಾಚಾರದ ಬಗ್ಗೆ ನನಗೂ ಹೆಮ್ಮೆಯಿತ್ತು, ಕೋಡಿ ಎಂಬ ಕಡಲೂರಿನ ಆ ಸಂಜೆಯವರೆಗೆ.

ಕುಂದಾಪುರದ ಬಳಿಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ಅತಿಥಿ ಶಿಕ್ಷಕಿ. ಮೂರನೆಯ ತರಗತಿಯ ನಿಶ್ಮಿತಾಳಿಗೆ ಕಿವಿ ಮಂದ. ಶ್ರವಣಯಂತ್ರ ನೀಡಲಾಗಿದೆಯೆಂದು ದಾಖಲೆಯಲ್ಲಿತ್ತು. ದಾಖಲೆಯನ್ನು ನಂಬಿದ ನಾನು ಅವಳ ಕಿವಿಯ ಮೇಲಿನ ಕೂದಲನ್ನು ಒಮ್ಮೆಯೂ ಸರಿಸಿ ನೋಡಲಿಲ್ಲ. ವಿಶೇಷ ಶಿಕ್ಷಕಿ ಬರುವ ಮಂಗಳವಾರ ಮಾತ್ರ ಚುರುಕಾಗಿದ್ದು, ಉಳಿದ ದಿನ ನನ್ನ ಮುಖವನ್ನೇ ನೋಡುತ್ತಾ ಮೌನವಾಗಿರುತ್ತಿದ್ದ ಮಗುವನ್ನು ಸೋಮಾರಿಯೆಂದು ಗದರಿದೆ. ‘ಯಂತ್ರವಿದ್ದರೂ ಪ್ರಯೋಜನವಿಲ್ಲ, ದೂರದ ವಸತಿಯುತ ವಿಶೇಷ ಶಾಲೆಗೆ ಕಳುಹಿಸುವುದು ಸೂಕ್ತ’ ಎಂದು ಒಂದೂ ತಪ್ಪಿಲ್ಲದ ಕನ್ನಡದಲ್ಲಿ ವರದಿ ಬರೆದು, ಕೆಳಗೆ ನನ್ನ ಪದವಿಯನ್ನೂ ನಮೂದಿಸಿ, ತಾಯಿಯ ಸಹಿಗಾಗಿ ಒಂದು ಮಂಗಳವಾರ ಸಂಜೆ ಅವರ ಮನೆಗೆ ಹೋದೆ.

ಒಣಮೀನಿನ ಕೆಲಸ ಮುಗಿಸಿ ಬಂದಿದ್ದ ತಾಯಿ ಗಿರಿಜಕ್ಕ, ಮಗಳ ಕಿವಿಯಿಂದ ಯಂತ್ರವನ್ನು ತೆಗೆದು, ಸೆರಗಿನಿಂದ ಒರೆಸಿ, ಬಂಗಾರದಂಗಡಿಯ ಗುಲಾಬಿ ಕಾಗದದಲ್ಲಿ ಸುತ್ತಿ, ದೇವರ ಗೂಡಿನೊಳಗಿಡುತ್ತಿದ್ದರು.

“ಈಗಲೇ ಯಾಕೆ ತೆಗೆದಿರಿ?” ಎಂದೆ.

“ಹ್ವಾಯ್ ಟೀಚ್ರೆ, ಆ ಸ್ಪೆಷಲ್ ಟೀಚರ್ ಬಪ್ಪ ದಿನ ಮಾತ್ರ ಹಾಕ್ತೆ. ಸರ್ಕಾರದರ್ ಕೊಟ್ಟದ್ದ್, ಉಪ್ಪುಗಾಳಿಗೆ ಹಾಳಾರೆ ಬೇರೆ ಎಲ್ಲಿಂದ ತಕಂಡ್ ಬಪ್ಪುದ್?” ಎಂದವರು ನಕ್ಕರು. “ನಿಮ್ಮ ಸ್ವರ ದೊಡ್ಡದಲ್ದಾ, ಅದಿಲ್ದಿರೂ ಮಗಿಗೆ ಕೇಣತ್ತ್ ಅಂದ್ಕಂಡೆ.”

ಆರು ತಿಂಗಳು ನಾನು ಯಾರಿಗೆ ಪಾಠ ಹೇಳುತ್ತಿದ್ದೆ? ಕೇಳಿಸದ ಮಗುವನ್ನು ಕೇಳದ ಮಗುವೆಂದು ತೀರ್ಮಾನಿಸಿ, ತಾಯಿಯ ಮಡಿಲಿನಿಂದಲೇ ಕಿತ್ತು ಕಳುಹಿಸಲು ಹೊರಟಿದ್ದೆನಲ್ಲ!

“ದಿನಾ ಹಾಕಿ ಕಳಿಸಿ. ಹಾಳಾದರೆ ನಾನೇ ಕೇಳಿ ಸರಿ ಮಾಡಿಸುತ್ತೇನೆ,” ಎಂದೆ. ನನ್ನ ದೊಡ್ಡ ಸ್ವರ ಹೊರಡಲೇ ಇಲ್ಲ.

“ನಿಮ್ ಕೈಯಗಿದ್ದದ್ ಎಂತ ಕಾಗ್ದ?”

“ಏನೂ ಇಲ್ಲ,” ಎಂದು, ಆ ವರದಿಯನ್ನು ಹರಿದು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬುಧವಾರ. ಶಾಲೆಯ ಹಂಚಿನ ಮಾಡಿನ ಮೇಲೆ ಕಾಗೆ ಕೂಗಿದ್ದೇ ತಡ, ನಿಶ್ಮಿತಾ ಪುಸ್ತಕದಿಂದ ತಲೆಯೆತ್ತಿ ಮಾಡನ್ನು ನೋಡಿದಳು. ಸೀಮೆಸುಣ್ಣ ಹಿಡಿದ ನನಗೆ ಮುಂದಿನ ವಾಕ್ಯ ಮರೆತುಹೋಯಿತು.

ಸಂಜೆ ಮನೆಗೆ ಬಂದವಳೇ ಟ್ರಂಕು ತೆರೆದೆ.

“ಎಂತ ಹುಡ್ಕುದ್ ಹೆಣ್ಣೆ? ಅದನ್ ಮುಟ್ಬೇಡ, ಹಾಳಾತ್ತ್!” ಎಂದಳು ಅಮ್ಮ.

ಸೀರೆಯ ಮಡಿಕೆ ಬಿಡಿಸಿ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದೆ. ಅದರ ಮೇಲೆ ಒಂದು ಸುಕ್ಕೂ ಇರಲಿಲ್ಲ. ಬಳಸದ ವಸ್ತುವಿಗೆ ಸುಕ್ಕು ಎಲ್ಲಿಂದ ಬರಬೇಕು?