ತಕ್ಕಡಿಯೊಳಗಿನ ಸೆಲ್ಲು

ಕಂಪ್ಯೂಟರಿನ ಸೆಲ್ಲು ಕಿತ್ತುಕೊಂಡವಳು ನಾನೇ ಎಂದು ತಮ್ಮನಿಗೆ ನಾನು ಹೇಳಲಿಲ್ಲ. ಹೇಳಲು ಸಮಯ ಸಿಗಲಿಲ್ಲ ಎನ್ನುವ ಹಾಗೂ ಇಲ್ಲ. ಒಂದೇ ಮನೆ. ಅವನು ಮುಂದಿನ ಕೋಣೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರೆ ನಾನು ಹಿಂದಿನ ಕೋಣೆಯಲ್ಲಿ ಕಡಲೆಕಾಯಿ ಚಟ್ನಿಪುಡಿ ತೂಗುತ್ತಿದ್ದೆ. ಅದೇ ಸೆಲ್ಲು ಹಾಕಿದ ತಕ್ಕಡಿಯಲ್ಲಿ.

ಶಿರಾದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ತಮ್ಮನ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶದ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಪ್ರೆಸ್ಸಿಗೆ ಕಳಿಸುತ್ತಾನೆ. ಆ ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇದ್ದವು. ಹಳೆಯದರಲ್ಲಿ ಕನ್ನಡದ ಕಾರ್ಡು, ಅವನೇ ವಿಡಿಯೊ ನೋಡಿ ಹಾಕಿಕೊಂಡ ಹೊಸದು ಉರ್ದು ಕಾರ್ಡಿಗೆಂದು. ಹಳೆಯದರಲ್ಲಿ ಉರ್ದು ಅಕ್ಷರಗಳು ಒಂದರ ಕೈ ಒಂದು ಹಿಡಿಯದೆ ಮುನಿಸಿಕೊಂಡವರಂತೆ ದೂರ ದೂರ ನಿಲ್ಲುತ್ತಿದ್ದವಂತೆ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಿಸ್ಟಂಗಳ ಹೆಸರೂ ಬರುತ್ತಿದ್ದವು, ಬೇಕಾದ್ದನ್ನು ಒತ್ತಬೇಕು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಅಷ್ಟು ತಿಳಿಯುತ್ತಿತ್ತು. ಆದರೂ ನಾನು ಕಸ ಗುಡಿಸಲು ಹೋದರೆ ಸಾಕು, ಅವನು ಶುರು ಮಾಡುತ್ತಿದ್ದ.

"ಅಕ್ಕ, ಅದನ್ನ ಮಾತ್ರ ಮುಟ್ಬೇಡ."

ಒಂದು ದಿನ ಮಧುಗಿರಿಯ ಅಂಗಡಿಗಳಿಗೆ ಪುಡಿಯ ಪೊಟ್ಟಣ ಕಳಿಸಬೇಕಿತ್ತು, ನನ್ನ ಎಲೆಕ್ಟ್ರಾನಿಕ್ ತಕ್ಕಡಿ ಕಣ್ಣು ಮುಚ್ಚಿತ್ತು. ಅದಕ್ಕೆ ಬೇಕಾದ್ದು ನಾಣ್ಯದಂಥ ದುಂಡನೆಯ ಸೆಲ್ಲು. ಅಂಗಡಿಯವನು ಕೊಟ್ಟದ್ದು ತೆಳ್ಳಗಿದ್ದು ಒಳಗೆ ಲಟಲಟ ಅಲ್ಲಾಡಿತು. ಆಗ ನೆನಪಾಯಿತು. ಹಿಂದಿನ ವಾರ ತಮ್ಮ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಊದುವಾಗ ಒಳಗೆ ಅಂಥದೇ ಒಂದು ಹೊಳೆಯುತ್ತಿತ್ತು. ಅದೇನು ಎಂದು ಕೇಳಿದ್ದಕ್ಕೆ, "ಕರೆಂಟ್ ಹೋದಾಗ ಟೈಮು, ಸೆಟ್ಟಿಂಗು ನೆನಪಿಟ್ಕೊಳಾಕೆ" ಎಂದಿದ್ದ. ಟೈಮು ನೋಡಲು ಗೋಡೆಯ ಮೇಲೆ ಗಡಿಯಾರವಿತ್ತು. ಅವನು ಕಾರ್ಡು ಕೊಡಲು ಕೊರಟಗೆರೆಗೆ ಹೋಗಿದ್ದ. ನಾನು ಹೇರ್‌ಪಿನ್ನಿನಿಂದ ಮೀಟಿ ತೆಗೆದೆ. ತಕ್ಕಡಿ ಕಣ್ಣು ಬಿಟ್ಟಿತು.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಎಂದಿನಂತೆಯೇ ಎದ್ದಿತು. ಸರಿ, ಬ್ಲೌಸಿನ ಬೆನ್ನಿಗೆ ಗೊಂಡೆ ಕಟ್ಟುವ ಹಾಗೆ ಇದನ್ನೂ ಅಂದಕ್ಕೆ ಇಟ್ಟಿರುತ್ತಾರೆ ಎಂದುಕೊಂಡೆ.

ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಎರಡು ಹೆಸರಿನ ಪಟ್ಟಿಯೇ ಇಲ್ಲ. ಕಂಪ್ಯೂಟರ್ ಯಾರನ್ನೂ ಕೇಳದೆ ನೇರವಾಗಿ ಹಳೆಯ ಸಿಸ್ಟಮ್ಮಿಗೆ ಹೋಗಿ ಕುಳಿತಿತ್ತು. ಮೂಲೆಯಲ್ಲಿ ತೋರಿಸುತ್ತಿದ್ದದ್ದು ತಮ್ಮನಿಗೆ ಇನ್ನೂ ಮೀಸೆ ಮೂಡದ ಕಾಲದ ಇಸವಿ. ಸೆಲ್ಲು ಕಿತ್ತ ಗಡಿಯಾರ ಏನಾಗುತ್ತದೆಂದು ತಿಳಿಯಲು ಎಂಟನೇ ಕ್ಲಾಸು ಬೇಕಿಲ್ಲ. ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದೆ. ಹೇಳಿದರೆ 'ಮುಟ್ಬೇಡ' ಎಂಬ ಮಾತನ್ನು ನನ್ನ ಮೊಮ್ಮಕ್ಕಳ ಕಾಲದವರೆಗೂ ಕೇಳಬೇಕಿತ್ತು.

ತಮ್ಮ ಪೆನ್‌ಡ್ರೈವ್ ಹಾಕಿ ಗಂಟೆಗಟ್ಟಲೆ ಕೂತು ಪಟ್ಟಿಯನ್ನು ವಾಪಸ್ ತಂದ. ಮತ್ತೆ ಕರೆಂಟ್ ಹೋಯಿತು, ಪಟ್ಟಿಯೂ ಹೋಯಿತು. ಮತ್ತೆ ತಂದ, ಮತ್ತೆ ಹೋಯಿತು. ನಮ್ಮ ಬೀದಿಯಲ್ಲಿ ಕರೆಂಟಿಗೆ ಹೋಗುವುದೊಂದೇ ನೇಮ.

"ಹಳೇದು ಎದ್ದು ಹೊಸದರ ಪಟ್ಟೀನ ನುಂಗ್ಬುಡ್ತದೆ ಕಣಕ್ಕ. ಟೈಮಿಗೂ ಎರಡೂ ಕಿತ್ತಾಡ್ತವೆ. ಎಲ್ರಿಗೂ ಇಂಗೇ ಆಗ್ತದಂತೆ, ವಿಡಿಯೋದಾಗೆ ಹೇಳವ್ರೆ."

"ದೃಷ್ಟಿ ಆಗೈತೆ ಕಣ್ಲಾ" ಎಂದೆ.

ಅಂದು ಸುಮ್ಮನಾಗಿದ್ದರೂ ಆಗುತ್ತಿತ್ತು. ಆದರೆ ನಾನು ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ಕಂಪ್ಯೂಟರಿಗೆ ನಿವಾಳಿಸಿದೆ. ನೆರೆಯವರ ಕಣ್ಣು, ಹೊರೆಯವರ ಕಣ್ಣು, ಪ್ರೆಸ್ಸಿನವರ ಕಣ್ಣು ಎಂದು ಬೀದಿಯಲ್ಲಿ ಒಬ್ಬರನ್ನೂ ಬಿಡದೆ ಹೇಳಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟಿಗೆ ನಾನೊಬ್ಬಳೇ ಕೆಮ್ಮಿದೆ. ತಮ್ಮ ಕೈಮುಗಿದು ನಿಂತಿದ್ದ.

ಆ ವಾರ ಅವನ ಕೈಯಲ್ಲಿದ್ದದ್ದು ಮೊದಲನೇ ಉರ್ದು ಕಾರ್ಡು. ಹಿಂದಿನ ಬೀದಿಯ ಬಳೆ ಅಂಗಡಿ ಚಾಚಾರ ಮಗಳ ನಿಕಾಹ್. ತಮ್ಮನಿಗೆ ಉರ್ದು ಓದಲು ಬಾರದು. ಚಾಚಾ ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ತೋರಿಸುವುದು, ಇವನು ಕೀಲಿ ಹುಡುಕಿ ಒತ್ತುವುದು. ಅರ್ಧ ಕಾರ್ಡು ಹಾಗೇ ಆಗಿತ್ತು. ಇದು ಚೆನ್ನಾಗಿ ಬಂದರೆ ಆ ಬೀದಿಯ ಕಾರ್ಡುಗಳೆಲ್ಲ ನಮ್ಮ ಮನೆಗೇ ಬರುತ್ತವೆ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ.

ಶುಕ್ರವಾರ ನಮಾಜು ಮುಗಿಸಿ ಚಾಚಾ ಬಂದರು. ತಮ್ಮ ಎದ್ದು ನಿಂತ.

"ಆಗಲ್ಲ ಚಾಚಾ. ಬೇರೆ ಕಡೆ ಮಾಡಿಸ್ಕೊಳ್ಳಿ. ಹೊಸ ಸಿಸ್ಟಂ ಅಳಿಸ್ಬುಡ್ತೀನಿ."

"ಅರೆ, ಯಾಕೆ ಬೇಟಾ? ಅರ್ಧ ಆಗೈತಲ್ಲ. ನಮ್ಮ ಹುಡುಗಿ ನೋಡಿ ಖುಷಿ ಆಗವ್ಳೆ."

"ನಂಗೆ ಬರಲ್ಲ ಚಾಚಾ. ಅರ್ಧಂಬರ್ಧ ಕಲ್ತು ಕೈ ಹಾಕ್ಬಾರ್ದಿತ್ತು."

ನನ್ನ ತಮ್ಮನ ಬಾಯಲ್ಲಿ 'ಬರಲ್ಲ' ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಈಜು ಬಾರದಿದ್ದರೂ ಮದಲೂರು ಕೆರೆಗೆ ಹಾರಿ, ಮೇಲೆಳೆದವರಿಗೆ ಈಜು ಹೇಳಿಕೊಡಲು ಹೋದವನು ಅವನು. ಈಗ ತಲೆ ತಗ್ಗಿಸಿ ಕೂತು ಮೌಸ್ ಹಿಡಿದುಕೊಂಡ.

ನಾನು ಒಳಗೆ ಹೋದೆ. ತಕ್ಕಡಿಯನ್ನು ತಂದು ಅವರಿಬ್ಬರ ನಡುವೆ ಬೋರಲು ಹಾಕಿದೆ. ಮುಚ್ಚಳ ತೆಗೆದು ಸೆಲ್ಲನ್ನು ಅಂಗೈಯಲ್ಲಿಟ್ಟು ಚಾಚಿದೆ. ಅದರ ಅಂಚಿಗೆ ಚಟ್ನಿಪುಡಿ ಮೆತ್ತಿತ್ತು.

ತಮ್ಮ ಸೆಲ್ಲು ನೋಡಿದ, ಡಬ್ಬಿ ನೋಡಿದ, ನನ್ನ ಮುಖ ನೋಡಿದ. ಮೊದಲು ನಕ್ಕವರು ಚಾಚಾ.

"ಯಾ ಅಲ್ಲಾ. ನಮ್ಮ ಮಗಳ ಶಾದಿ ಚಟ್ನಿಪುಡೀಲಿ ಸಿಕ್ಕೊಂಡಿತ್ತಾ?"

ತಮ್ಮ ಸೆಲ್ಲನ್ನು ಅಂಗಿಯ ತುದಿಗೆ ಒರೆಸಿ ಅದರ ಜಾಗದಲ್ಲಿ ಕೂರಿಸಿದ. ಪೆನ್‌ಡ್ರೈವ್ ಹಾಕಿ ಪಟ್ಟಿಯನ್ನು ಮತ್ತೆ ಬರೆಸಿದ. ಆಮೇಲೆ ಕರೆಂಟಿನ ದಾರಿ ಕಾಯದೆ ತಾನೇ ಗೋಡೆಯ ಸ್ವಿಚ್ಚು ಆರಿಸಿದ. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ಚು ಹಾಕಿ ಆನ್ ಮಾಡಿದ. ಕಪ್ಪು ಪರದೆಯ ಮೇಲೆ ಎರಡು ಹೆಸರೂ ಬಂದವು. ಚಾಚಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಅಕ್ಕ, ದೃಷ್ಟಿ ತೆಗೆದ್ಯಲ್ಲ" ಎಂದ ತಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಎಲ್ರ ಹೆಸ್ರೂ ಹೇಳ್ದೆ. ಒಬ್ರನ್ನ ಬಿಟ್ಬುಟ್ಟೆ ಅನ್ಸುತ್ತೆ."

ತಕ್ಕಡಿಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತೆ.

"ನಂದೇ ಕಣ್ಣು, ನಂದೇ ಕೈ. ತಪ್ಪಾಯ್ತು ಕಣ್ಲಾ. ನಿಂಗೆ ಬರ್ತದೆ. ಕೆಡಿಸಿದ್ದು ನಾನು."